ಸಿಹಿ ಬಿಡದ ಕಿಡಿಯಕ್ಕ

ಮಕ್ಕಳೇ, ಕಡಲ ದಂಡೆಯಲ್ಲಿ ಒಂದು ಕೆರೆ. ಅದರಲ್ಲಿ ಕಿಡಿಯಕ್ಕ, ತುಣುಕಿ ಎಂಬ ಅಕ್ಕತಂಗಿಯರು. ಶಾಲೆಯವರು ಬ್ಯಾಕ್ಟೀರಿಯಾ ಅನ್ನುತ್ತಾರಲ್ಲ, ಅವರೇ. ಒಂದು ಸಾಸಿವೆ ಕಾಳಿನ ಮೇಲೆ ಇವರ ಊರಿಗೆ ಊರೇ ಕೂತು ಸಂತೆ ನಡೆಸಬಹುದು, ಅಷ್ಟು ಚಿಕ್ಕವರು. ಒಂದೇ ಮೈ ಸೀಳಿ ಇಬ್ಬರಾದವರು.

ಒಂದು ಹುಣ್ಣಿಮೆಗೆ ಕಡಲು ಒಡ್ಡು ಮುರಿದು ಕೆರೆಗೆ ನುಗ್ಗಿತು. ಎಂಥ ಉಪ್ಪು ಅಂತೀರಿ? ಮೇಲೆ ಹಾರುವ ಕಾಗೆಯ ನೆರಳು ಬಿದ್ದರೆ ಆ ನೆರಳೂ ಉಪ್ಪಿನಕಾಯಿ ಆಗುತ್ತಿತ್ತು. ಇದರಲ್ಲಿ ಒಂದು ಹರಳೂ ಹೆಚ್ಚು ಹೇಳಿಲ್ಲ.

ಕೆರೆಯ ಕಪ್ಪೆ ಬೊಗ್ಗಣ್ಣ ಎಲ್ಲರಿಗಿಂತ ಮೊದಲು ದಡಕ್ಕೆ ಹಾರಿದ. ಕಿಡಿಯಕ್ಕನ ಮೈಯ ನೀರೆಲ್ಲ ಹೊರಗೆ ಸೋರಿ, ಅವಳು ಒಣದ್ರಾಕ್ಷಿಯ ಹಾಗೆ ಸುಕ್ಕುಗಟ್ಟುತ್ತಿದ್ದಳು. ಬೆನ್ನ ಮೇಲೆ ಹೊತ್ತುಕೊಂಡು ಹೋಗೋ ಎಂದು ಅಂಗಲಾಚಿದಳು.

"ಉಪ್ಪು ಹಿಡಿದವರನ್ನು ಹೊತ್ತರೆ ನನ್ನ ಬೆನ್ನು ಉರಿಯುತ್ತದೆ ಕಣೇ" ಎಂದು ನಕ್ಕು, ಅವನು ಹೊರಟೇಹೋದ.

ಆ ನಗು ಅವಳೊಳಗೆ ಕೆಂಡವಾಗಿ ಕೂತಿತು. ಸಿಟ್ಟಿನಲ್ಲೇ ಬದುಕುವುದನ್ನು ಕಲಿತಳು. ಒಳಗೆ ನುಗ್ಗುವ ಉಪ್ಪನ್ನು ಹಗಲೂ ಇರುಳೂ ಆಚೆ ತಳ್ಳಿದಳು. ಮೈತುಂಬ ಸಿಹಿ ರಸ ಕೂಡಿಟ್ಟಳು. ಆ ರಸ ಮೈಯ ನೀರನ್ನು ಸೋರಗೊಡದೆ ಹಿಡಿದುಕೊಂಡಿತು. ತಂಗಿಗೂ ಕಲಿಸಿದಳು. ದುಡಿಮೆಯೆಲ್ಲ ಅದಕ್ಕೇ ಹೋಗಿ ಕೆರೆಯಲ್ಲಿ ಮಕ್ಕಳು ಹುಟ್ಟುವುದೂ ನಿಧಾನವಾಯಿತು. ಆದರೂ ಬದುಕಿದರು. ಇದು ತನ್ನ ಬೆವರು, ಯಾರಿಗೂ ಒಂದು ಹನಿ ಬಿಡುವುದಿಲ್ಲ ಎಂದು ಕಿಡಿಯಕ್ಕ ದಿನಾ ಗೊಣಗುತ್ತಿದ್ದಳು.

ಕಾಲ ಕಳೆಯಿತು. ಒಂದು ಮಳೆಗಾಲ ಹೊಳೆ ಉಕ್ಕಿ ಕೆರೆಯ ಉಪ್ಪನ್ನೆಲ್ಲ ತೊಳೆದುಬಿಟ್ಟಿತು. ಆ ನೆರೆಯ ಜೊತೆಗೇ ಬೊಗ್ಗಣ್ಣ ತೇಲಿ ಬಂದ.

"ಆಚೆ ಹೊಂಡದಲ್ಲಿ ನಿಮ್ಮಂಥವರು ಪಟಪಟನೆ ಒಡೆದದ್ದನ್ನು ಕಂಡು ಬಂದೆ" ಎಂದ. "ನಿಮ್ಮ ಸಿಹಿ ರಸ ಮಳೆನೀರನ್ನು ಒಳಕ್ಕೆ ಎಳೆಯುತ್ತದೆ. ಮೈಯ ಬಾಗಿಲು ತೆಗೆದು ಅದನ್ನು ಹೊರಗೆ ಚೆಲ್ಲಿ, ಬೇಗ."

ಕಿಡಿಯಕ್ಕ ಉರಿದುಬಿದ್ದಳು. "ಅವತ್ತು ಬೆನ್ನು ಉರಿಯುತ್ತದೆ ಅಂದವನು ಇವತ್ತು ಬುದ್ಧಿ ಹೇಳಲು ಬಂದೆಯಾ? ನಾನು ಚೆಲ್ಲಿದ್ದನ್ನು ನೆಕ್ಕಲು ಬಾಯಿ ತೆರೆದು ಕೂತಿದ್ದೀಯ."

"ಅಕ್ಕಾ, ಅವನ ಮೇಲೆ ನನಗೂ ಸಿಟ್ಟಿದೆ" ಎಂದಳು ತುಣುಕಿ. "ಆದರೆ ಮೈ ಬಿರಿಯುತ್ತಿರುವುದು ನಮ್ಮದು." ಹಾಗೆಂದವಳೇ ಬಾಗಿಲು ತೆಗೆದು ತನ್ನ ಸಿಹಿಯನ್ನು ಚೆಲ್ಲಿದಳು. ಮೈ ಹಗುರವಾಯಿತು.

"ನೀನೂ ಅವನ ಕಡೆಯವಳಾದೆಯಾ?" ಕಿಡಿಯಕ್ಕ ತಂಗಿಗೂ ಬೆನ್ನು ತಿರುಗಿಸಿ ಎಲ್ಲ ಬಾಗಿಲನ್ನೂ ಬಿಗಿದಳು. ನೀರು ಮೈಯ ಗೋಡೆಯಿಂದಲೇ ಜಿನುಗಿ ಒಳಹೊಕ್ಕಿತು. ಸಾಸಿವೆಯಷ್ಟಾದಳು, ಕಡಲೆಯಷ್ಟಾದಳು, ಕುಂಬಳಕಾಯಿಯಷ್ಟು ಉಬ್ಬಿದಳಂತೆ. ಆಗಲೂ ಬೈಯುತ್ತಲೇ ಇದ್ದಳು. ಒಂದು ಬೈಗುಳ ಮುಗಿಯುವ ಮೊದಲೇ ಒಡೆದಳು.

ಅವಳ ಸಿಹಿಯೆಲ್ಲ ಕೆರೆಗೆ ಚೆಲ್ಲಿತು. ಅಲೆಯೊಂದು ಮೊದಲ ಗುಟುಕನ್ನು ಬೊಗ್ಗಣ್ಣನ ಬಾಯಿಗೇ ತಂದು ಹಾಕಿತು. ಅವನು ನುಂಗಲೂ ಆಗದೆ, ಉಗುಳಲೂ ಆಗದೆ ಕೂತ. ತುಣುಕಿ ಅವನತ್ತ ತಿರುಗಿಯೂ ನೋಡಲಿಲ್ಲ.

ನೀತಿ: ಕಷ್ಟದಲ್ಲಿ ಕಾಪಾಡಿದ ಬಿಗಿಯನ್ನು ಕಷ್ಟ ಕಳೆದ ಮೇಲೂ ಸಿಟ್ಟಿಗೆ ಹಿಡಿದು ಕೂತರೆ, ಆ ಬಿಗಿಯೇ ನಮ್ಮನ್ನು ಒಡೆಯುತ್ತದೆ.