ಹಕ್ಕಿಯ ಕೊಕ್ಕು ನೆಟ್ಟಗೆ ಮಾಡಿದ ಕಮ್ಮಾರ

ಬಲು ಹಿಂದೆ, ಬೆಟ್ಟಗಳಿಗೆ ಇನ್ನೂ ಹೆಸರಿಡದ ಒಂದಾನೊಂದು ಕಾಲದಲ್ಲಿ, ಮೋಡದ ಮೇಲೆ ತಲೆಯೆತ್ತಿದ ಒಂದು ಬೆಟ್ಟ ಇತ್ತಂತೆ ಮಗಾ. ಅದರ ನೆತ್ತಿಯಲ್ಲಿ ಮಾತ್ರ ಕಲ್ಲುಕಾಯಿ ಮರ ಬೆಳೀತಿತ್ತಂತೆ, ಆ ಮರ ಇದ್ದಲ್ಲಿ ಮಾತ್ರ ಒಂದು ಜಾತಿಯ ಕೆಂಪು ಹಕ್ಕಿ ಬಾಳ್ತಿತ್ತಂತೆ. ಗುಬ್ಬಿಯಷ್ಟೇ ಗಾತ್ರ, ಆದರೆ ಕೊಕ್ಕು ಸೊಟ್ಟ. ಸೊಟ್ಟ ಅಂದ್ರೆ ಹೇಗೆ ಗೊತ್ತಾ, ಮೇಲಿನದು ಎಡಕ್ಕೆ, ಕೆಳಗಿನದು ಬಲಕ್ಕೆ, ಕತ್ತರಿ ಹಾಗೆ ಒಂದನ್ನೊಂದು ದಾಟಿರುತ್ತೆ.

ಆ ನೆತ್ತಿಯ ಮೇಲಿನ ಊರಲ್ಲಿ ವೀರಾಚಾರಿ ಅಂತ ಒಬ್ಬ ಕಮ್ಮಾರ, ಕಾಳಮ್ಮ ಅಂತ ಅವನ ಹೆಂಡತಿ. ಸೊಟ್ಟಗೆ ಬಂದದ್ದು ಕುಲುಮೆಯಿಂದ ಸೊಟ್ಟಗೇ ವಾಪಸು ಹೋಗಬಾರದು ಅನ್ನೋದು ಅವರ ಮನೆತನದ ನೇಮವಂತೆ. ಒಂದು ದಿನ ಗಾಳಿಗೆ ಸಿಕ್ಕ ಅಂಥದೊಂದು ಹಕ್ಕಿ ಕುಲುಮೆಯ ಬಾಗಿಲೊಳಗೆ ಬಂದು ನೆಲಕ್ಕೆ ಬಿತ್ತಂತೆ. ಅಯ್ಯೋ ಪಾಪ, ನಿನ್ನ ಮೂತಿ ತಿರುಚಿದವರು ಯಾರು ಅಂತ ಮರುಗಿ, ವೀರಾಚಾರಿ ಅರ ತಗೊಂಡು ಉಜ್ಜಿ ಉಜ್ಜಿ ಕೊಕ್ಕು ನೆಟ್ಟಗೆ ಮಾಡೇಬಿಟ್ಟನಂತೆ.

ಆಮೇಲೆ ನೋಡು, ಆ ಕಲ್ಲುಕಾಯಿಗೆ ಮೈಯೆಲ್ಲ ಮೀನಿನ ಹುರುಪೆ ಹಾಗೆ ಒಂದರ ಮೇಲೊಂದು ಬಿಗಿಯಾಗಿ ಕೂತ ಗಟ್ಟಿ ಹಲಗೆ, ಅದರ ಸಂದಿಯಲ್ಲಿ ಸೊಟ್ಟ ಕೊಕ್ಕು ತೂರಿಸಿ ತಿರುವಿದರೆ ಮಾತ್ರ ಬೀಜ ಸಿಗೋದು. ನೆಟ್ಟನೆ ಕೊಕ್ಕು ಜಾರಿ ಜಾರಿ, ಹಕ್ಕಿ ಹಸಿದು ಬಾಗಿಲ ಮುಂದೆಯೇ ಬಿತ್ತಂತೆ. ಕಾಳಮ್ಮ ರೇಗಿದಳಂತೆ: ನಿಮ್ಮಮ್ಮನ ಸೊಂಟವೂ ಬಾಗಿದೆಯಲ್ಲ, ಅದನ್ನೂ ಬಡಿದು ನೆಟ್ಟಗೆ ಮಾಡಿ, ನೇಮ ಅಲ್ವಾ ನಿಮ್ದು!

ಅವನ ಮುಖ ಕಪ್ಪಿಟ್ಟಿತಂತೆ. ರಾಗಿ ಇಟ್ಟ, ನವಣೆ ಇಟ್ಟ, ಅತ್ತಿಹಣ್ಣು ಇಟ್ಟ, ಹಕ್ಕಿ ಯಾವುದನ್ನೂ ಮುಟ್ಟಲಿಲ್ಲವಂತೆ. ಕಲ್ಲುಕಾಯಿಯನ್ನೇ ಸುತ್ತಿಗೆಯಲ್ಲಿ ಜಜ್ಜಿದ, ಬೀಜವೂ ಪುಡಿಯಾಯಿತು. ಇಕ್ಕಳ ಹಾಕಿ ಎಳೆದ, ಜಾರಿತು. ಆಮೇಲೆ, ಹುಟ್ಟಿದಾಗಿಂದ ಮಾಡದ ಕೆಲಸ ಮಾಡಿದನಂತೆ. ಇಕ್ಕಳದ ಎರಡೂ ತುದಿ ಕಾಸಿ, ಬೇಕಂತಲೇ ಸೊಟ್ಟಗೆ ಬಡಿದನಂತೆ, ಥೇಟ್ ಹಕ್ಕಿಯ ಮೊದಲಿನ ಕೊಕ್ಕಿನ ಹಾಗೆ. ಸಂದಿಗೆ ತೂರಿಸಿ ತಿರುವಿದ ನೋಡು, ಟಪ್ ಅಂತ ಬೀಜ! ಹಕ್ಕಿ ಕಣ್ಣುಬಿಟ್ಟು ನುಂಗಿತಂತೆ.

ಕೊಕ್ಕೂ ನಮ್ಮ ಉಗುರಿನ ಹಾಗೆ ಬೆಳೆಯುತ್ತೆ ಮಗಾ. ಅದು ಮತ್ತೆ ಮೊದಲಿನ ಹಾಗೆ ಸೊಟ್ಟಗೆ ಬೆಳೆಯೋವರೆಗೂ ಗಂಡ ಬೀಜ ಬಿಡಿಸಿದ, ಹೆಂಡತಿ ಉಣಿಸಿದಳು. ಒಂದು ಬೆಳಗ್ಗೆ ಬೀಜ ಹಿಡಿದರೆ ಹಕ್ಕಿ ತಿನ್ನಲೇ ಇಲ್ಲವಂತೆ. ಮತ್ತೆ ಹಸಿದು ಬೀಳುತ್ತೇನೋ ಅಂತ ಇಬ್ಬರೂ ಹತ್ತಿರ ಬಾಗಿದರಂತೆ. ಹಕ್ಕಿ ಪುರ್ರಂತ ಮರಕ್ಕೆ ಹಾರಿ, ಕಾಯಿಗೆ ಕೊಕ್ಕು ತೂರಿಸಿ, ತಾನೇ ತಿರುವಿ ತಿಂತಂತೆ.

ವೀರಾಚಾರಿ ಅಲ್ಲೇ ಕೈಮುಗಿದನಂತೆ. ನಾನು ಕೆಡಿಸಿದರೂ ನನ್ನ ಕೈಯಿಂದಲೇ ಉಂಡು ಬದುಕಿದೆಯಲ್ಲ ತಾಯಿ, ನಿನಗೆ ಎಷ್ಟು ಕೈಮುಗಿದರೂ ಸಾಲದು ಅಂದನಂತೆ. ಅವರೂ ತಣ್ಣಗಿದ್ದರು, ಹಕ್ಕಿಯೂ ಮರಿ ಮಾಡಿಕೊಂಡು ತಣ್ಣಗಿತ್ತು. ಕತೆಯೂ ಗೂಡು ಸೇರಿತು, ಮಲಕ್ಕೋ ಮಗಾ.