ಹೊಟ್ಟೆಕಿಚ್ಚಿನ ಚುಕ್ಕಿ

ಆಕಾಶಕ್ಕೆ ಇನ್ನೂ ಕಪ್ಪು ಬಣ್ಣ ಸರಿಯಾಗಿ ಹಿಡಿದಿರಲಿಲ್ಲ, ಆಗಿನ ಮಾತು ಇದು.

ಅಲ್ಲಿ ಇಬ್ಬರು ಅಕ್ಕತಂಗಿ ಚುಕ್ಕಿಗಳಿದ್ದರು. ಅಕ್ಕ ಬೆಳ್ಳವ್ವ, ತಂಗಿ ಕೆಂಚವ್ವ. ಇಬ್ಬರೂ ಎದುರುಬದುರಾಗಿ ಸುತ್ತುತ್ತಿದ್ದರು, ಸುತ್ತುತ್ತಲೇ ಇದ್ದರು.

ಬೆಳ್ಳವ್ವ ಒಂದು ಕಾಲಕ್ಕೆ ಬಲು ದೊಡ್ಡವಳು. ಎಲ್ಲರೂ ತನ್ನನ್ನೇ ನೋಡಲಿ ಎಂದು ಇದ್ದಬದ್ದ ಬೆಳಕನ್ನೆಲ್ಲ ಬೇಗಬೇಗ ಉರಿಸಿಬಿಟ್ಟಳು. ಉರಿದು ಉರಿದು, ಕುಗ್ಗಿ ಕುಗ್ಗಿ, ಪುಟ್ಟ ಬಿಳಿ ಚುಕ್ಕಿಯಾದಳು. ಕೆಂಚವ್ವ ಹಾಗಲ್ಲ. ತನ್ನಷ್ಟಕ್ಕೆ ಮೆಲ್ಲಗೆ ಉರಿಯುತ್ತ, ಕೆಂಪಗೆ ಗುಂಡಗೆ ಇದ್ದಳು.

ಒಮ್ಮೆ ಬಾಲದ ಚುಕ್ಕಿಯೊಂದು ಆ ದಾರಿಯಲ್ಲಿ ಬಂತು. "ಎಷ್ಟು ಚಂದ ಇದ್ದೀಯೇ ಕೆಂಚವ್ವ!" ಎಂದಿತು. ಪಕ್ಕದಲ್ಲೇ ಇದ್ದ ಬೆಳ್ಳವ್ವ ಅದರ ಕಣ್ಣಿಗೇ ಬೀಳಲಿಲ್ಲ.

ಬೆಳ್ಳವ್ವನಿಗೆ ಹೊಟ್ಟೆ ಉರಿಯಿತು. ಪುಟ್ಟವಳಾದರೂ ಅವಳ ಸೆಳೆತ ಬಲು ಜೋರು. ತಂಗಿಯ ಕೆಂಪು ಸೆರಗಿನ ಅಂಚು ಹಿಡಿದು ಎಳೆದಳು. ಎಳೆದದ್ದನ್ನು ಸೊಂಟಕ್ಕೆ ಸುತ್ತಿಕೊಂಡಳು. ಇನ್ನಷ್ಟು ಎಳೆದಳು, ಇನ್ನಷ್ಟು ಸುತ್ತಿಕೊಂಡಳು.

"ಯಾಕಕ್ಕ ಎಳೀತೀಯ?" ಎಂದಳು ಕೆಂಚವ್ವ.

"ಚಳಿ ಕಣೇ," ಎಂದು ಬೆಳ್ಳವ್ವ ಸುಳ್ಳು ಹೇಳಿದಳು.

ಸುತ್ತಿಕೊಂಡದ್ದು ದಪ್ಪವಾಯಿತು, ಬಿಸಿಯಾಯಿತು. ಕೊನೆಗೆ ಸೊಂಟದಲ್ಲಿ ನಿಲ್ಲಲಾರದೆ ಜಾರತೊಡಗಿತು. ಜಾರುತ್ತಾ ಜಾರುತ್ತಾ ಧಗ್ಗನೆ ಹೊತ್ತಿಕೊಂಡಿತು!

ಬೆಳಕೋ ಬೆಳಕು! ದೂರ ಹೋಗಿದ್ದ ಬಾಲದ ಚುಕ್ಕಿ ತಿರುಗಿ ನೋಡಿ, "ಯಾರಪ್ಪ ಅದು?" ಎಂದಿತು.

"ನಾನು! ನಾನು ಬೆಳ್ಳವ್ವ!" ಎಂದು ಅವಳು ಕೂಗಿದಳು. ಈಗ ಯಾರು ಚಂದ ಹೇಳು ಎನ್ನುವಂತೆ ತಂಗಿಯನ್ನು ಓರೆಗಣ್ಣಿನಲ್ಲಿ ನೋಡಿದಳು.

ಆದರೆ ಸುತ್ತಿಕೊಂಡದ್ದೆಲ್ಲ ಸುಟ್ಟು ಮುಗಿಯಿತು. ಬೆಳಕು ಇಳಿಯಿತು. ಬೆಳ್ಳವ್ವ ಮತ್ತೆ ಅದೇ ಪುಟ್ಟ ಚುಕ್ಕಿ. ಬಾಲದ ಚುಕ್ಕಿ ತನ್ನ ದಾರಿ ಹಿಡಿಯಿತು.

ಆಗ ಕೆಂಚವ್ವ ಮೆತ್ತಗೆ ಹೇಳಿದಳು: "ಚಳಿ ಅಲ್ಲ ಅಂತ ನಂಗೊತ್ತಕ್ಕ. ಕೇಳಿದ್ರೆ ನಾನೇ ಕೊಡ್ತಿದ್ದೆ. ತಗೋ." ಹೇಳಿ, ಸೆರಗನ್ನು ಅಕ್ಕನ ಕಡೆಗೆ ಸಡಿಲ ಬಿಟ್ಟಳು.

ಬೆಳ್ಳವ್ವನಿಗೆ ಅಳು ಬಂತು. ಆದರೆ ಮರುಗಳಿಗೆಯೇ, 'ಕೊಡುವಷ್ಟು ಇವಳ ಹತ್ತಿರ ಇದೆಯಲ್ಲ!' ಅನ್ನಿಸಿತು. ಅಳು ಅಲ್ಲೇ ಆರಿ, ಹೊಟ್ಟೆ ಮೊದಲಿಗಿಂತ ಹೆಚ್ಚು ಉರಿಯಿತು.

"ನೀನೇನೂ ಕೊಡೋದು ಬೇಡ," ಎಂದು ಮುಖ ತಿರುಗಿಸಿದಳು. ಸೆರಗನ್ನು ಮಾತ್ರ ಬಿಡಲಿಲ್ಲ.

ಅದಕ್ಕೇ ಮಗು, ದುರ್ಬೀನು ಹಿಡಿದು ನೋಡುವಾಗ ಮಂಕಾಗಿದ್ದ ಚುಕ್ಕಿಯೊಂದು ಇದ್ದಕ್ಕಿದ್ದಂತೆ ಧಗ್ಗನೆ ಬೆಳಗಿ, ಕೆಲವೇ ದಿನಗಳಲ್ಲಿ ಮಂಕಾಗಿ, ಸ್ವಲ್ಪ ಕಾಲ ಬಿಟ್ಟು ಮತ್ತೆ ಬೆಳಗಿದರೆ, ಬೆಳ್ಳವ್ವನ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ ಎಂದು ತಿಳಿದುಕೋ.