ಹಣೆಯ ಮೇಲಿನ ಮಸಿ

"ಕೇಳ್ರಪ್ಪೋ ಕೇಳಿ. ಊರಾಚೆಯ ಸೂಜಿ ಮನೆಗೆ ಅರಸರು ಬೀಗ ಜಡಿಸುತ್ತಾರೆ. ಬೀಗ ಬೇಡ ಅನ್ನುವವರು ಬಂದು ಮೂರು ಒಗಟು ಬಿಡಿಸಬೇಕು. ಬಿಡಿಸಿದರೆ ಬೀಗ ಬೀಳುವುದಿಲ್ಲ, ಬಿಡಿಸಿದವರಿಗೆ ಕೇಳಿದ್ದೂ ಸಿಗುತ್ತದೆ. ತಪ್ಪಿದವರ ತಲೆ ಹೋಗುತ್ತದೆ."

ಡಂಗುರ ಕೇಳಿ ಕೆಂಚ ಅರಮನೆಗೆ ಓಡಿದ. ಅವನ ಅಕ್ಕ ನಿಂಗಿಗೆ ಅಮಲಿನ ಮದ್ದು ಚುಚ್ಚಿಕೊಳ್ಳುವ ಚಟ. ಹಳೆ ಸೂಜಿ ಕೊಟ್ಟರೆ ಆ ಮನೆಯಲ್ಲಿ ಹೊಸದು ಕೊಡುತ್ತಿದ್ದರು. ಬೀಗ ಬಿದ್ದರೆ ಅವಳು ಇನ್ನೊಬ್ಬರು ಚುಚ್ಚಿಕೊಂಡ ಸೂಜಿಗೇ ಕೈಯೊಡ್ಡಬೇಕು. ಅದರಿಂದ ಬರುವ ಕಾಯಿಲೆಗೆ ವೈದ್ಯರು ಎಚ್‌ಐವಿ ಅನ್ನುತ್ತಿದ್ದರು. ಅರಸನ ಒಬ್ಬನೇ ಮಗ ಸತ್ತದ್ದೂ ಅದರಿಂದಲೇ. ಸೂಜಿ ಮನೆಯೇ ಮಗನನ್ನು ಕೊಂದಿತೆಂದು ಅಂದಿನಿಂದ ಅದರ ಹೆಸರೆತ್ತಿದರೆ ಅರಸ ಹಲ್ಲು ಕಡಿಯುತ್ತಿದ್ದ.

ಕೆಂಚ ಹೋಗುವಷ್ಟರಲ್ಲಿ ಕೇಳಿದ್ದು ಸಿಗುವ ಆಸೆಗೆ ಬಂದ ಇಬ್ಬರು, ಮಂತ್ರಿಯ ಅಳಿಯ ಮತ್ತು ಸಾಹುಕಾರನ ಮಗ, ಮುಂದೆ ನಿಂತಿದ್ದರು. ಅರಸ ಮಂತ್ರಿಯ ಅಳಿಯನನ್ನು ಕೇಳಿದ: "ಆ ಮನೆಯ ತೊಟ್ಟಿಯಲ್ಲಿ ಹಳೆ ಸೂಜಿಯ ರಾಶಿ ಬೆಳೆಯುತ್ತಲೇ ಇದೆ. ಮನೆ ಗೆದ್ದಿತೋ, ಸೋತಿತೋ?"

"ಸೋತಿತು ಪ್ರಭು, ಚಟದವರು ಹೆಚ್ಚಿದ್ದಾರೆ."

ಅವನನ್ನು ಎಳೆದೊಯ್ದರು. ಅರಸ ಸಾಹುಕಾರನ ಮಗನತ್ತ ತಿರುಗಿದ.

"ಕೆಲಸ ಚೆನ್ನಾಗಿ ನಡೆದಷ್ಟೂ ಕಣ್ಣಿಗೆ ಬೀಳದ ಫಲ ಯಾವುದು? ಅದನ್ನು ಕಾಣುವುದು ಹೇಗೆ?"

"ಪು... ಪುಣ್ಯ. ಸತ್ತ ಮೇಲೆ ಕಾಣುತ್ತೆ."

ಪಾಪ, ಅದನ್ನು ನೋಡಲು ಅವನನ್ನು ಆಗಲೇ ಕಳಿಸಿಕೊಟ್ಟರು.

ಅರಸನ ಕಣ್ಣು ಕೆಂಚನ ಹಣೆಯ ಮೇಲೆ ಬಿತ್ತು. ಸೂಜಿ ಮನೆಗೆ ಬರುವವರ ಲೆಕ್ಕ ಸಿಗಲೆಂದು ಬಾಗಿಲಲ್ಲೇ ಕಾವಲಿನವರು ಎಲ್ಲರ ಹಣೆಗೂ ಮಸಿ ಇಡಬೇಕು, ಅದು ಅರಸನ ಅಪ್ಪಣೆ. ಅಕ್ಕನ ಜೊತೆಗೆ ಹೋದ ತಪ್ಪಿಗೆ ಕೆಂಚನಿಗೂ ಇಟ್ಟಿದ್ದರು. ಏಳೂರಿನ ನೀರು ಹಾಕಿ ಉಜ್ಜಿದರೂ ಅದು ಹೋಗುತ್ತಿರಲಿಲ್ಲ.

"ಥೂ, ಈ ಮುಖ ಹೊತ್ತು ಬಂದೆಯಾ? ಆ ಎರಡನ್ನೂ ನೀನೇ ಹೇಳು."

"ರಾಸಿ ಬೆಳೆದ್ರೆ ಮನೆ ಗೆದ್ದಂಗೆ ಬುದ್ಧೀ. ತೊಟ್ಟಿಗೆ ಬಿದ್ದ ಸೂಜಿ ಇನ್ನೊಬ್ರ ತೋಳಿಗೆ ಹೋಗಾಕಿಲ್ಲ. ಕಣ್ಣಿಗೆ ಬೀಳದ ಫಲ ಅಂದ್ರೆ, ಬರದೇ ಹೋದ ಕಾಯಿಲೆ. ಹೊಳೆಯಾಚೆ ಪೇಟೇಲೂ ಇದೇ ಮದ್ದು, ಇಂಥದೇ ಜನ. ಸೂಜಿ ಮನೆ ಒಂದಿಲ್ಲ. ಅಲ್ಲಿ ಹೊಸದಾಗಿ ಕಾಯಿಲೆ ಬಿದ್ದೋರ ಲೆಕ್ಕಾನೂ ಇಲ್ಲಿಯೋರ ಲೆಕ್ಕಾನೂ ಪಕ್ಕಪಕ್ಕ ಇಟ್ಟು ನೋಡಿ, ಕಾಣ್ತದೆ."

ಅರಸ ಮುಖ ಗಂಟಿಕ್ಕಿದ. ಅವನಿಗೆ ಉತ್ತರ ಬೇಕಿರಲಿಲ್ಲ, ತಲೆ ಬೇಕಿತ್ತು. "ಆ ಮನೆಗೆ ಬಂದವರೆಲ್ಲ ಒಳ್ಳೆಯದು ಅಂದರು. ಆದರೂ ನನ್ನ ಮಗ ಸತ್ತ. ಹಾಗಾದರೆ ಯಾರನ್ನು ಕೇಳಿದರೆ ನಿಜ ತಿಳಿಯುತ್ತದೆ?"

ಕೆಂಚನಿಗೆ ಉತ್ತರ ಗೊತ್ತಿತ್ತು. ಹೇಳಿದರೆ ತಲೆ ಉಳಿಯುವುದು ಅನುಮಾನವಾಗಿತ್ತು. ಅಕ್ಕನ ಮುಖ ನೆನೆದುಕೊಂಡು ಬಾಯಿಬಿಟ್ಟ.

"ಬಾಗಿಲ ತನಕ ಬಂದು ವಾಪಸ್ ಹೋದೋರನ್ನ ಕೇಳಬೇಕು ಬುದ್ಧೀ. ನಿಮ್ಮ ಮಗ ಬಂದಿದ್ರು. ಆ ಮನೆ ಮುಂದಿನ ಹುಣಸೇಮರದ ತಾವ ನನ್ನ ಪಕ್ಕದಲ್ಲೇ ನಿಂತಿದ್ರು. 'ಈ ಮಸಿ ಇಟ್ಕೊಂಡು ಅಪ್ಪನ ಮುಂದೆ ಹೆಂಗೆ ಹೋಗಲಿ' ಅಂದು ತಿರುಗಿ ಹೋದ್ರು."

ಕತ್ತಿಯವನು ಅಪ್ಪಣೆಗೆ ಕಾದ. ಅರಸ ಕೈಸನ್ನೆ ಮಾಡಿ ಅವನನ್ನು ಹಿಂದೆ ಕಳಿಸಿದ. "ಏನು ಬೇಕು, ಕೇಳಿ ತೊಲಗು" ಅಂದ.

"ಆ ಮಸಿ ಕುಡಿಕೆ ಕೊಡಿ."

ಕೆಂಚ ಅದನ್ನು ಹೊಳೆಯ ದಡದಲ್ಲಿ ಹೂತು ಬಂದ. ಮರುದಿನ ನಿಂಗಿ ಸೂಜಿ ಮನೆಗೆ ಹೋದಾಗ ಹಿಂದೆಂದೂ ಕಾಣದ ಮುಖಗಳು ಅಲ್ಲಿದ್ದವು. ಸಾಲು ಬೆಳೆದು ಹುಣಸೇಮರ ಮುಟ್ಟಿತ್ತು. ಅರಸ ಸಾಲಿನಾಚೆ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದ, ಮಗನಿಗಾಗಿ ಹುಡುಕುವವನ ಹಾಗೆ.